ಮಾವನವರ ದೊಗಳೆ ಸ್ವೆಟರ್ ಮೈಗೆ ಹೊಂದಿಸುವುದು ಹೇಗೆ

ಅಕ್ಕ, ಆ ಸ್ವೆಟರನ್ನು ದಯವಿಟ್ಟು ಕುದಿಯುವ ನೀರಿಗೆ ಹಾಕಬೇಡಿ. ನಿಮ್ಮ ಪ್ರಶ್ನೆ ಕೆಳಗೆ ಇಬ್ಬರು ಹಾಗೆ ಮಾಡಿ ಅಂತ ಬರೆದಿದ್ದಾರೆ, ಅದನ್ನು ನೋಡಿಯೇ ಕೈಲಿದ್ದ ಕೆಲಸ ಬಿಟ್ಟು ಬರೆಯುತ್ತಿದ್ದೇನೆ.

ನೀವು ಹೇಳಿದ್ದು ಇಷ್ಟು ಅಲ್ವಾ: ಜ್ವರ ಬಂದು ಮಾವನವರ ಮೈ ಇಳಿದಿದೆ, ಆನ್‌ಲೈನಲ್ಲಿ ತರಿಸಿದ ಮೆರೂನ್ ಸ್ವೆಟರ್ ತೀರಾ ದೊಗಳೆ, ವಾಪಸ್ ಕಳಿಸುವ ದಿನವೂ ದಾಟಿದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋದರೆ ತೋಳು ಕ್ಯಾನಿಗೆ ಇಳಿಯುತ್ತದೆ. ಲೇಬಲ್‌ನಲ್ಲಿ ಅಕ್ರಿಲಿಕ್ 100% ಅಂತ ಇದೆ. ನೆಲದ ಮೇಲೆ ಹರಡಿ ಅಳೆದರೆ ಕಂಕುಳಿಂದ ಕಂಕುಳಿಗೆ 24 ಇಂಚು, ಮಾವನವರ ಎದೆ ಸುತ್ತಳತೆ 36.

ಬಿಸಿ ನೀರಿಗೆ ಕುಗ್ಗುವುದು ಕುರಿ ಉಣ್ಣೆ. ಉಣ್ಣೆಯ ಒಂದೊಂದು ಎಳೆಯ ಮೇಲೂ ಮೀನಿನ ಹುರುಪೆ ಥರ ಸಣ್ಣ ಸಣ್ಣ ಪದರ ಇರುತ್ತದೆ. ಬಿಸಿ ನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಆ ಪದರಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯಾಗುತ್ತವೆ. ಮನೆಯಲ್ಲಿ ಹಳೇ ಕಂಬಳಿ ಇದ್ದರೆ ಮುಟ್ಟಿ ನೋಡಿ, ನೇಯ್ದ ಎಳೆ ಕಾಣದಷ್ಟು ಒತ್ತಾಗಿರುತ್ತದೆ, ಅದು ಇದೇ ಗುಣದಿಂದ. ಅಕ್ರಿಲಿಕ್‌ಗೆ ಆ ಪದರವೇ ಇಲ್ಲ, ಅದು ಒಂದು ಬಗೆಯ ಪ್ಲಾಸ್ಟಿಕ್ ದಾರ. ಬಿಸಿ ನೀರಲ್ಲಿ ಮೆತ್ತಗಾಗುತ್ತದೆ, ಆಮೇಲೆ ಹಿಂಡಿ ತಂತಿ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಇನ್ನೂ ಉದ್ದ ಇಳಿಯುತ್ತದೆ. ಕುಗ್ಗುವ ಅಕ್ರಿಲಿಕ್ ಎಳೆಯೂ ಇದೆ, ಇಲ್ಲ ಅಂತಲ್ಲ. ದಾರ ಉಬ್ಬಿ ಮೆತ್ತಗೆ ಬರಲಿ ಅಂತ ಅದನ್ನು ಕುಗ್ಗದ ಎಳೆ ಜೊತೆ ಸೇರಿಸಿ ನೂಲುತ್ತಾರೆ, ಆದರೆ ಆವಿ ಕೊಟ್ಟು ಕುಗ್ಗಿಸುವ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ನಮ್ಮ ಮನೆಯ ಬಕೆಟ್‌ಗೆ ಉಳಿದಿರುವುದು ಏನೂ ಇಲ್ಲ.

ಇಸ್ತ್ರಿ ಪೆಟ್ಟಿಗೆಯೂ ಬೇಡ. ನಾನು ಹೊಲಿಗೆ ಕಲಿಯುತ್ತಿದ್ದಾಗ ತಮ್ಮನ ನೀಲಿ ಸ್ವೆಟರಿನ ಕೆಳಪಟ್ಟಿ ಅಲೆ ಅಲೆಯಾಗಿದೆ ಅಂತ ಒದ್ದೆ ಬಟ್ಟೆ ಹಾಕಿ ಬಲವಾಗಿ ಒತ್ತಿದೆ. ಎರಡೇ ಸಲ. ಗೀರು ಗೀರಾಗಿ ಉಬ್ಬಿದ್ದ ಪಟ್ಟಿ ಮಟ್ಟಸ ಆಯಿತು, ಹಿಡಿದು ಎಳೆದರೆ ಹಾಗೇ ನಿಂತಿತು, ವಾಪಸ್ ಬರಲೇ ಇಲ್ಲ. ತೊಳೆದೆ, ನೆರಳಲ್ಲಿ ಒಣಗಿಸಿದೆ, ಏನು ಮಾಡಿದರೂ ಬರಲಿಲ್ಲ. ಅವನು ಎರಡು ಚಳಿಗಾಲ ಅದನ್ನೇ ಹಾಕಿಕೊಂಡು ಓಡಾಡಿದ, ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಒಮ್ಮೆ ಬಿಸಿಗೆ ಸತ್ತ ಅಕ್ರಿಲಿಕ್ ಮತ್ತೆ ಏಳುವುದಿಲ್ಲ ಅಕ್ಕ.

ಹಾಗಾಗಿ ಇರುವುದು ಒಂದೇ ದಾರಿ, ಹೊಲಿದು ಚಿಕ್ಕದು ಮಾಡುವುದು. ಇದರಲ್ಲಿ ಜಾಸ್ತಿ ಜನ ತಪ್ಪುವುದು ಲೆಕ್ಕದಲ್ಲಿ, ಅದನ್ನು ನಿಧಾನವಾಗಿ ಹೇಳುತ್ತೇನೆ. ಹರಡಿದಾಗ 24 ಅಂದರೆ ಸುತ್ತ 48 ಇಂಚು. ಮಾವನವರ ಎದೆ 36, ಒಳಗೆ ಬನಿಯನ್ನು, ಶರ್ಟು ಇರುತ್ತದೆ, ಉಸಿರಾಡಲು ಜಾಗ ಬೇಕು, 4 ಇಂಚು ಸಡಿಲ ಬಿಡಿ. 40 ಬೇಕು, 8 ಇಂಚು ಜಾಸ್ತಿ ಇದೆ. ಎರಡು ಪಕ್ಕಕ್ಕೆ ಹಂಚಿದರೆ ಪಕ್ಕಕ್ಕೆ 4. ಆದರೆ ಪ್ರತಿ ಪಕ್ಕದಲ್ಲೂ ಮುಂದಿನ ಬಟ್ಟೆ ಒಂದು, ಹಿಂದಿನ ಬಟ್ಟೆ ಒಂದು ಇರುತ್ತಲ್ಲ, ಅದಕ್ಕೆ ಹೊಸ ಹೊಲಿಗೆ ಹಳೆ ಹೊಲಿಗೆಯಿಂದ 2 ಇಂಚು ಮಾತ್ರ ಒಳಗೆ ಬರಬೇಕು. 4 ಇಂಚು ಒಳಗೆ ಹೊಲಿದುಬಿಟ್ಟರೆ ಸುತ್ತಳತೆ 32ಕ್ಕೆ ಬರುತ್ತದೆ, ಎದೆ ಮೇಲೆ ಹಿಡಿದುಕೊಳ್ಳುತ್ತದೆ. ಹೀಗೆ ಹೊಲಿದು, ಅಂಚು ಕತ್ತರಿಸಿ, ಆಮೇಲೆ ನನ್ನ ಹತ್ತಿರ ತಂದವರಿದ್ದಾರೆ. ಕತ್ತರಿಸಿದ ಮೇಲೆ ನಾನಾದರೂ ಏನು ಮಾಡಲಿ?

ಮಾವನವರಿಗೆ ಶರ್ಟಿನ ಮೇಲೆ ಸ್ವೆಟರನ್ನು ಒಳಹೊರಗು ಮಾಡಿ ಹಾಕಿಸಿ. ಗುಂಡುಸೂಜಿ ಬೇಡ, ಹೆಣಿಗೆಯಲ್ಲಿ ನಿಲ್ಲದೆ ಜಾರಿ ಮೈಗೆ ಚುಚ್ಚುತ್ತದೆ, ಸೇಫ್ಟಿ ಪಿನ್ ಹಾಕಿ. ಕಂಕುಳ ಹತ್ತಿರ 2 ಇಂಚು, ಕೆಳಪಟ್ಟಿ ಹತ್ತಿರ ಒಂದೂವರೆ ಸಾಕು, ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂತಾಗ ಸೊಂಟದಲ್ಲಿ ಬಿಗಿಯಬಾರದು. ಸ್ವೆಟರ್ ತೆಗೆಸಿ, ಎದ್ದು ಕಾಣುವ ಬಿಳಿ ದಾರದಲ್ಲಿ ಪಿನ್ ಹಾಕಿದ ಸಾಲಿನ ಮೇಲೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಕೆಳಗಿಂದ ಶುರು ಮಾಡಿ ಕಂಕುಳಲ್ಲಿ ದುಂಡಗೆ ತಿರುಗಿಸಿ, ತೋಳಿನ ಅಡಿಗುಂಟ ಕಡಿಮೆ ಮಾಡುತ್ತಾ ಮಣಿಕಟ್ಟಿನ ಪಟ್ಟಿ ಹತ್ತಿರ ಹಳೆ ಹೊಲಿಗೆಗೆ ಸೇರಿಸಿಬಿಡಿ. ಕಂಕುಳಲ್ಲಿ ಮೂಲೆ ಮಾಡಬೇಡಿ, ಮೂಲೆ ಇದ್ದ ಕಡೆಯೇ ಮೊದಲು ಹರಿಯುತ್ತದೆ.

ಈಗ ಮತ್ತೆ ಹಾಕಿಸಿ ಎರಡೂ ಕೈ ಮೇಲೆತ್ತಲು ಹೇಳಿ. ಸ್ವೆಟರ್ ಪೂರ್ತಿ ಹೊಟ್ಟೆಗಿಂತ ಮೇಲಕ್ಕೆ ಎದ್ದು ಬಂತು ಅಂದರೆ ಸ್ವೆಟರಿನ ಕಂಕುಳು ಇನ್ನೂ ಕೆಳಗಿದೆ ಅಂತ ಅರ್ಥ, ಅಲ್ಲಿ ಅರ್ಧ ಇಂಚು ಮೇಲೆ ತನ್ನಿ. ಹೀಗೆ ಎರಡು ಮೂರು ಸಲ ಹಾಕಿ ತೆಗೆಯಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ, ಇಲ್ಲಿ ಕೊಟ್ಟ ಅರ್ಧ ಗಂಟೆ ವ್ಯರ್ಥ ಹೋಗುವುದಿಲ್ಲ.

ನಿಮ್ಮದು ಬರೀ ನೇರ ಹೊಲಿಗೆಯ ಕಪ್ಪು ಮೆಷೀನ್ ಅಂದಿರಿ. ಅದರಲ್ಲೂ ಆಗುತ್ತದೆ. ಬಾಲ್ ಪಾಯಿಂಟ್ ಸೂಜಿ ಹಾಕಿ, ಅದರ ತುದಿ ದುಂಡಗಿರುವುದರಿಂದ ಎಳೆ ಕತ್ತರಿಸದೆ ಪಕ್ಕಕ್ಕೆ ಸರಿಸಿ ಹೋಗುತ್ತದೆ. ಸಾಮಾನ್ಯ ಸೂಜಿ ಎಳೆ ಕತ್ತರಿಸಿದರೆ ಇವತ್ತು ಕಾಣುವುದಿಲ್ಲ, ನಾಲ್ಕು ಸಲ ತೊಳೆದ ಮೇಲೆ ಅಲ್ಲಿ ತೂತು. ದಾರ ಪಾಲಿಯೆಸ್ಟರ್ ಇರಲಿ, ಹತ್ತಿ ದಾರ ಎಳೆತಕ್ಕೆ ಪಟ್ ಅಂತ ಹೋಗುತ್ತದೆ. ಹೊಲಿಗೆ ಅಲೆ ಅಲೆಯಾಗಿ ಬಂದರೆ ಮೆಷೀನಿನ ಮೇಲಿರುವ, ಬಟ್ಟೆ ಒತ್ತಿ ಹಿಡಿಯುವ ಪಾದದ ಒತ್ತಡದ ತಿರುಪು ಸ್ವಲ್ಪ ಸಡಿಲಿಸಿ, ಸ್ವೆಟರಿನ ಅಡಿಗೆ ನ್ಯೂಸ್ ಪೇಪರಿನ ಪಟ್ಟಿ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ಮೆಷೀನ್ ಭಯ ಆದರೆ ಕೈಯಲ್ಲೇ ಸಣ್ಣಗೆ ಬ್ಯಾಕ್ ಸ್ಟಿಚ್, ಅಂದರೆ ಪ್ರತಿ ಸಲ ಒಂದು ಹೆಜ್ಜೆ ಹಿಂದೆ ಚುಚ್ಚಿ ಮುಂದೆ ಹೋಗುವ ಹೊಲಿಗೆ ಹಾಕಿ, ಜಾಸ್ತಿ ಬಿಗಿಯಾಗಿ ಎಳೆಯದೆ. ನನಗೆ ಕೇಳಿದರೆ ಹೆಣಿಗೆ ಬಟ್ಟೆಗೆ ಕೈ ಹೊಲಿಗೆಯೇ ಚೆನ್ನ.

ಹೊಲಿದ ಕೂಡಲೇ ಕತ್ತರಿ ಹಾಕಬೇಡಿ. ಎಂಟು ದಿನ ಮಾವನವರು ಹಾಕಿಕೊಂಡು ಡೇರಿಗೆ ಹೋಗಿ ಬರಲಿ. ಒಳಗೆ ಬಟ್ಟೆ ದಪ್ಪ ಇರುತ್ತದೆ, ಪರವಾಗಿಲ್ಲ. ಜ್ವರದಿಂದ ಎದ್ದವರು, ಊಟ ಸೇರಿದರೆ ಮೈ ತುಂಬಬಹುದು, ಆಗ ಬಿಚ್ಚಿ ಒಂದಿಂಚು ಬಿಡಬಹುದು. ಎಂಟು ದಿನ ಆದ ಮೇಲೂ ಕಂಕುಳಲ್ಲಿ ಉಜ್ಜುತ್ತಿದ್ದರೆ, ಸೀರೆಗೆ ಫಾಲ್, ಪಿಕೋ ಹಾಕುವ ಅಂಗಡಿಗೆ ತಗೊಂಡು ಹೋಗಿ. ಪಿಕೋ ಮೆಷೀನ್ ಅಂದರೆ ಜಿಗ್‌ಜಾಗ್ ಮೆಷೀನೇ. ನಿಮ್ಮ ಹೊಲಿಗೆಯಿಂದ ಅರ್ಧ ಇಂಚು ಆಚೆಗೆ ಎರಡು ಸಾಲು ಜಿಗ್‌ಜಾಗ್ ಹಾಕಿಸಿ, ಅದಾದ ಮೇಲೆ ಅದರ ಆಚೆ ಕತ್ತರಿಸಿ. ನೈಟಿ ಹೊಲಿಯುವವರ ಹತ್ತಿರ ಅಂಚು ಸುತ್ತಿ ಹೊಲಿಯುವ ಮೆಷೀನ್, ಅಂದರೆ ಓವರ್‌ಲಾಕ್ ಇದ್ದರೆ ಇನ್ನೂ ಒಳ್ಳೆಯದು. ಮೊದಲು ಕತ್ತರಿಸಿದರೆ ಕುಣಿಕೆ ಕುಣಿಕೆಯಾಗಿ ಬಿಚ್ಚಿಕೊಂಡು ಹೋಗುತ್ತದೆ.

ತೋಳು ಗಿಡ್ಡ ಮಾಡಲು ಮಣಿಕಟ್ಟಿನ ಪಟ್ಟಿ ಕತ್ತರಿಸುವ ಯೋಚನೆ ಬಿಡಿ. ಮಣಿಕಟ್ಟು ಹಿಡಿಯುವುದೇ ಆ ಪಟ್ಟಿ. 3 ಇಂಚಿನ ಪಟ್ಟಿಯನ್ನು ಅರ್ಧಕ್ಕೆ ಒಳಗೆ ಮಡಚಿ ಸುತ್ತಲೂ ಸಡಿಲವಾಗಿ ಕೈಹೊಲಿಗೆ ಹಾಕಿದರೆ ಒಂದೂವರೆ ಇಂಚು ಕಡಿಮೆ ಆಗುತ್ತದೆ, ಎರಡು ಪದರ ಆಗಿ ಬೆಚ್ಚಗೂ ಇರುತ್ತದೆ. ಇನ್ನೂ ಸಡಿಲ ಅನ್ನಿಸಿದರೆ ಅದೇ ಬಣ್ಣದ ಎಲಾಸ್ಟಿಕ್ ದಾರವನ್ನು ಮೊಂಡು ಸೂಜಿಯಲ್ಲಿ ಪಟ್ಟಿಯ ಒಳಬದಿ ಎರಡು ಸುತ್ತು ಪೋಣಿಸಿ. ಗಂಟು ಹಾಕುವ ಮೊದಲು ಅಂಗೈ ಹೋಗುತ್ತಾ ನೋಡಿ.

ಹೆಗಲು ಸ್ವಲ್ಪ ಕೆಳಗೆ ಇಳಿದಿದ್ದರೆ ಹಾಗೇ ಬಿಡಿ, ಸ್ವೆಟರಿಗೆ ನಡೆಯುತ್ತದೆ. ತೀರಾ ಇಳಿದಿದ್ದರೆ ಒಳಗಡೆ ಹೆಗಲಿನ ಹೊಲಿಗೆ ಮೇಲೆ ಹತ್ತಿ ಬಟ್ಟೆಯ ಗಟ್ಟಿ ಅಂಚಿನ ಒಂದು ಪಟ್ಟಿ ಇಟ್ಟು ಹೊಲಿಯಿರಿ. ಪಟ್ಟಿ ಹೆಗಲಿಗಿಂತ ಅರ್ಧ ಇಂಚು ಗಿಡ್ಡ ಇರಲಿ, ಸ್ವೆಟರನ್ನು ಅದಕ್ಕೆ ಸಮವಾಗಿ ಹಂಚಿಕೊಳ್ಳಿ. ಮತ್ತೆ ಜಗ್ಗುವುದಿಲ್ಲ.

ಇನ್ನು ಮೇಲೆ ತಣ್ಣೀರಲ್ಲಿ ತೊಳೆದು, ಟವೆಲ್‌ನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ಮಂಚದ ಮೇಲೆ ಹರಡಿ ಒಣಗಿಸಿ. ತಂತಿಗೆ ಬೇಡ.

ಹೊಲಿಯುವ ಮುಂಚೆ ಸ್ವೆಟರಿನ ಒಳಬದಿಯ ಒಂದು ಫೋಟೋ ಹಾಕಿ ಅಕ್ಕ, ಪಕ್ಕದ ಹೊಲಿಗೆ ಮತ್ತು ಕಂಕುಳು ಕಾಣುವ ಹಾಗೆ. ಈಗಾಗಲೇ ಓವರ್‌ಲಾಕ್ ಮಾಡಿದೆಯೋ, ಅಂಚಿಗೆ ಅಂಚು ಕೂಡಿಸಿದೆಯೋ ನೋಡಿ ಹೇಳುತ್ತೇನೆ. ರಾತ್ರಿ ಒಂಬತ್ತರ ಮೇಲೆ ಫೋನ್ ನೋಡುತ್ತಿರುತ್ತೇನೆ.