ಆರ್‌ಸಿಸಿ ತಾರಸಿಗೆ ಏರೋಜೆಲ್ ಬೇಕೇ?
ಕೋಲಾರದ ಮನೆಯ ಮೇಲಂತಸ್ತು ಬೇಸಿಗೆಯಲ್ಲಿ ಕಾಯುತ್ತದೆ, ತಾರಸಿಗೆ ಏರೋಜೆಲ್ (ಬಹುಪಾಲು ಗಾಳಿಯೇ ತುಂಬಿದ, ಶಾಖ ತಡೆಯುವ ಹಗುರ ವಸ್ತು) ಹಾಕಿಸಬೇಕೇ ಎಂದು ಕೇಳಿದ್ದೀರಿ. ನನಗೆ ಅದರ ಅಗತ್ಯ ಕಾಣುವುದಿಲ್ಲ. ಕಾಂಕ್ರೀಟಿನ ಉಷ್ಣವಾಹಕತೆ (ಇದು ಕಡಿಮೆಯಿದ್ದಷ್ಟೂ ಶಾಖ ದಾಟುವುದು ಕಡಿಮೆ) ಮೀಟರ್-ಕೆಲ್ವಿನ್‌ಗೆ ಸುಮಾರು 1.6 ವ್ಯಾಟ್, ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಹಲಗೆಯದು 0.03, ಏರೋಜೆಲ್‌ನದು 0.015ರ ಆಸುಪಾಸು. ಅಂದರೆ 50 ಮಿ.ಮೀ. ಎಕ್ಸ್‌ಪಿಎಸ್ ತಡೆಯುವಷ್ಟು ಶಾಖವನ್ನು ತಡೆಯಲು ಎರಡೂವರೆ ಮೀಟರಿಗೂ ಹೆಚ್ಚು ದಪ್ಪನೆಯ ಕಾಂಕ್ರೀಟ್ ಬೇಕಾಗುತ್ತದೆ. ದುಬಾರಿ ಏರೋಜೆಲ್ ದಪ್ಪನೆಯ ಪದರಕ್ಕೆ ಜಾಗವಿಲ್ಲದ ಕಡೆಗೆ ಸರಿ. ತಾರಸಿಯಲ್ಲಿ ಜಾಗಕ್ಕೇನು ಬರ? ಎಕ್ಸ್‌ಪಿಎಸ್ ಹಲಗೆಗಳನ್ನು ಒಳಗಿನ ಸೀಲಿಂಗಿಗೆ ಅಂಟಿಸದೆ, ತಾರಸಿಯ ಹೊರಮೈಯಲ್ಲಿ ಜಲನಿರೋಧಕ ಪದರದ ಮೇಲೆ ಹಾಸಿ, ಅದರ ಮೇಲೆ ಇಳಿಜಾರಿನ ಗಾರೆ ಹಾಗೂ ಬಿಳಿ ಟೈಲ್ಸ್ ಹಾಕಿಸಿದರೆ, ಸ್ಲ್ಯಾಬ್ ಹಗಲಿಡೀ ಕಾದು ರಾತ್ರಿ ಕೋಣೆಗೆ ಶಾಖ ಬಿಡುವುದು ಬಹಳ ಕಡಿಮೆಯಾಗುತ್ತದೆ. ಕಲ್ಲುಚಪ್ಪಡಿಯ ಹಳೆಯ ಮನೆಗೂ ಇದೇ ಕ್ರಮ, ಆದರೆ ಮೊದಲು ಚಪ್ಪಡಿಗಳ ಸಂದು ಮುಚ್ಚಿಸಬೇಕು.