ತಪ್ಪು ಹೆಸರಿನ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ ತಕ್ಷಣ ತೆಗೆದುಹಾಕಿದ್ದೇನೆ, ಇಂಪೋರ್ಟ್ ಮಾಡಿಲ್ಲ. ಯಾವ ಸ್ಕ್ಯಾನರ್ ಓಡಿಸಿದರೆ ಸಾಕು?

ಯಾವ ಸ್ಕ್ಯಾನರೂ ಸಾಕಾಗುವುದಿಲ್ಲ. ‘ಇಂಪೋರ್ಟ್ ಮಾಡಿಲ್ಲ’, ಅಂದರೆ ಕೋಡ್‌ನೊಳಗೆ ಅದನ್ನು ಕರೆದಿಲ್ಲ ಎಂಬ ನಿಮ್ಮ ಸಮಾಧಾನ ನನಗೆ ಚೆನ್ನಾಗಿ ಗೊತ್ತು, ಅದನ್ನೇ ನಂಬಿಕೊಂಡು ನಾನು ಕೆಲವು ವಾರ ನೆಮ್ಮದಿಯಿಂದ ನಿದ್ದೆ ಮಾಡಿದ್ದೆ.

ಆಗ ಒಂದು ಸಣ್ಣ ಸಂಸ್ಥೆಗೆ ಹೊರಗಿನಿಂದ ಕೆಲಸ ಮಾಡಿಕೊಡುತ್ತಿದ್ದೆ. ಯಾರೋ ಬರೆದಿಟ್ಟು ಹೋದ ಪೈಥಾನ್ ಕೋಡ್ ಅದು. ಓಡಿಸಿದರೆ ಇಂಥ ಮಾಡ್ಯೂಲ್ ಇಲ್ಲ ಎಂಬ ದೂರು. ದೂರಿನಲ್ಲಿದ್ದ ಹೆಸರನ್ನೇ ಎತ್ತಿ ಪಿಪ್ (ಪೈಥಾನ್ ಪ್ಯಾಕೇಜ್‌ಗಳನ್ನು ತಂದು ಹಾಕುವ ಸಾಧನ) ಇನ್‌ಸ್ಟಾಲ್ ಆಜ್ಞೆಯ ಮುಂದೆ ಹಾಕಿದೆ. ಪೈಥಾನ್‌ನಲ್ಲಿ ಇದೊಂದು ಹಳೆಯ ಗೊಂದಲ: ಕೋಡ್‌ನಲ್ಲಿ ಕರೆಯುವ ಹೆಸರು ಒಂದಾದರೆ ಪೈಥಾನ್ ಪ್ಯಾಕೇಜ್‌ಗಳ ಸಾರ್ವಜನಿಕ ಭಂಡಾರವಾದ ಪೈಪಿಐನಲ್ಲಿ ನೋಂದಾಯಿಸಿದ ಹೆಸರು ಇನ್ನೊಂದು. ಸಿವಿ2 ಬೇಕಿದ್ದರೆ ಓಪನ್‌ಸಿವಿ-ಪೈಥಾನ್ ಎನ್ನಬೇಕು, ಪಿಐಎಲ್ ಬೇಕಿದ್ದರೆ ಪಿಲೋ ಎನ್ನಬೇಕು. ಜನ ತಪ್ಪಾಗಿ ಹಾಕಬಹುದಾದ ಹೆಸರುಗಳನ್ನು ತಾವೇ ನೋಂದಾಯಿಸಿ ಕಾಯುವ ಕಳ್ಳರಿಗೆ ನಿಮ್ಮ ಬೆರಳು ಜಾರಲೇಬೇಕೆಂದಿಲ್ಲ. ಸರಿಯಾಗಿ ಟೈಪ್ ಮಾಡಿದವನೂ ಸಿಕ್ಕಿಬೀಳುತ್ತಾನೆ.

ಇನ್‌ಸ್ಟಾಲ್ ಆಯಿತು. ಕೆಂಪು ಅಕ್ಷರ ಒಂದೂ ಕಾಣಲಿಲ್ಲ. ಕೋಡ್ ಮತ್ತೆ ಓಡಿಸುವ ಮೊದಲೇ ಏಕೋ ಅನುಮಾನ ಬಂದು ಪ್ಯಾಕೇಜಿನ ಪುಟ ತೆರೆದೆ: ವಿವರಣೆ ಇಲ್ಲ, ಮೂಲ ಕೋಡ್‌ನ ಕೊಂಡಿ ಇಲ್ಲ, ಇರುವುದು ಒಂದೇ ಆವೃತ್ತಿ. ಅನ್‌ಇನ್‌ಸ್ಟಾಲ್ ಮಾಡಿ ಸರಿಯಾದದ್ದನ್ನು ಹಾಕಿಕೊಂಡೆ. ಹುಷಾರಾಗಿದ್ದೆ ಎಂಬ ಹೆಮ್ಮೆ ಬೇರೆ. ಯಾರಿಗೂ ಹೇಳಲಿಲ್ಲ, ಹೇಳುವಂಥದ್ದು ಏನಿದೆ ಎಂದುಕೊಂಡೆ.

ನನ್ನ ತಪ್ಪು ಇದೇ. ತಪ್ಪು ಹೆಸರು ಹಾಕಿದ್ದು ತಪ್ಪಲ್ಲ ಎಂದೇ ನಾನು ಇಂದಿಗೂ ವಾದಿಸುತ್ತೇನೆ. ತೆಗೆದುಹಾಕಿದರೆ ಆದದ್ದು ಆಗಲಿಲ್ಲ ಎಂದು ಭಾವಿಸಿದ್ದೇ ತಪ್ಪು. ಮೂಲರೂಪದಲ್ಲಿ ಬರುವ ಪೈಥಾನ್ ಪ್ಯಾಕೇಜನ್ನು ಪಿಪ್ ಕಟ್ಟುವಾಗಲೇ ಅದರೊಳಗಿನ ಸೆಟಪ್ ಕಡತ ಓಡುತ್ತದೆ. ಆ ಕಡತದಲ್ಲಿ ಏನು ಬೇಕಾದರೂ ಇರಬಹುದು, ಅದು ನಿಮ್ಮ ಹೆಸರಿನಲ್ಲಿ, ನಿಮ್ಮ ಅಧಿಕಾರದಲ್ಲಿ ಓಡುತ್ತದೆ. ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂನಲ್ಲಿ ಪೋಸ್ಟ್‌ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳದ್ದು ಇದೇ ಪಾತ್ರ. ಪರಿಸರ ಚರಾಂಶಗಳನ್ನು (ಟರ್ಮಿನಲ್‌ನಲ್ಲಿ ಓಡುವ ಪ್ರತಿ ಕೋಡ್‌ಗೂ ಸಿಗುವ ಮೌಲ್ಯಗಳು, ಎನ್ವಿರಾನ್‌ಮೆಂಟ್ ವೇರಿಯಬಲ್) ಓದಿ, ದೂರದ ಯಂತ್ರಗಳಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೀಲಿಯ ಕಡತವನ್ನು ತೆರೆದು, ಕ್ಲೌಡ್ ಗುರುತಿನ ಕಡತವನ್ನು ನಕಲು ಮಾಡಿ ಎಲ್ಲೋ ಕಳುಹಿಸಲು ಬೇಕಾದದ್ದು ಒಂದು ಕ್ಷಣ. ನೀವು ಇಂಪೋರ್ಟ್ ಎಂಬ ಪದ ಬರೆಯುವ ಹೊತ್ತಿಗೆ ಅದರ ಕೆಲಸ ಮುಗಿದಿರುತ್ತದೆ. ಅನ್‌ಇನ್‌ಸ್ಟಾಲ್ ಮಾಡಿದಾಗ ಪಿಪ್ ತಾನು ಇಟ್ಟೆನೆಂದು ದಾಖಲಿಸಿಕೊಂಡ ಕಡತಗಳನ್ನಷ್ಟೇ ಅಳಿಸುತ್ತದೆ. ಆ ಸ್ಕ್ರಿಪ್ಟ್ ಬೇರೆ ಕಡೆ ಬರೆದದ್ದು ಅದಕ್ಕೆ ಗೊತ್ತೇ ಇಲ್ಲ. ಹೊರಗೆ ಹೋದದ್ದನ್ನಂತೂ ಯಾವ ಆಜ್ಞೆಯೂ ವಾಪಸು ತರುವುದಿಲ್ಲ. ಕಳ್ಳ ಹೋದ ಮೇಲೆ ಅವನು ಕುಳಿತ ಕುರ್ಚಿಯನ್ನು ಹೊರಗೆಸೆದಂತೆ ನನ್ನ ಅನ್‌ಇನ್‌ಸ್ಟಾಲ್.

ಮೊದಲೇ ಕಟ್ಟಿ ಸಿದ್ಧವಾಗಿ ಬರುವ ವೀಲ್ ರೂಪದ ಪ್ಯಾಕೇಜ್ ಆಗಿದ್ದರೆ ಇನ್‌ಸ್ಟಾಲ್ ಸಮಯದಲ್ಲಿ ಅದರ ಕೋಡ್ ಓಡುವುದಿಲ್ಲ, ನಿಜ. ಹಾಗೆಂದು ಉಸಿರು ಬಿಡಬೇಡಿ. ಪಿಟಿಎಚ್ ಎಂಬ ಪುಟ್ಟ ಕಡತವೊಂದನ್ನು ಅದು ಜೊತೆಗೆ ತಂದಿದ್ದರೆ ನೀವು ಮುಂದಿನ ಬಾರಿ ಪೈಥಾನ್ ಆರಂಭಿಸಿದಾಗ, ಯಾವ ಕೆಲಸಕ್ಕೇ ಆಗಲಿ, ಅದರಲ್ಲಿರುವ ಇಂಪೋರ್ಟ್ ಸಾಲುಗಳು ತಾವಾಗಿ ಓಡುತ್ತವೆ.

ಮುಂದೆ ಆದದ್ದು ಇಷ್ಟು. ಆ ಸಂಸ್ಥೆಯ ಕ್ಲೌಡ್ ಖಾತೆಯಲ್ಲಿ ನಾವು ಎಂದೂ ಬಳಸದ ಪ್ರದೇಶವೊಂದರಲ್ಲಿ ಭಾರಿ ಯಂತ್ರಗಳು ಎದ್ದು ಕ್ರಿಪ್ಟೊ ನಾಣ್ಯ ಗಣಿಗಾರಿಕೆಗೆ ನಿಂತವು. ಗೊತ್ತಾದದ್ದು ಬಿಲ್ ನೋಡಿದಾಗ. ಮೊದಲು ಗಿಟ್ ಇತಿಹಾಸವನ್ನೆಲ್ಲ ಜಾಲಾಡಿದೆವು. ಆಮೇಲೆ ಕೆಲಸ ಬಿಟ್ಟು ಹೋಗಿದ್ದವರೊಬ್ಬರ ಮೇಲೆ ಅನುಮಾನ ತಿರುಗಿತು, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕೊನೆಗೆ ಲಾಗ್‌ನಲ್ಲಿ ಯಾವ ಕೀಲಿ ಬಳಕೆಯಾಗಿದೆ ಎಂದು ನೋಡಿದರೆ ನನ್ನದೇ. ಅನುಕೂಲವೆಂದು ಅದನ್ನು ಶೆಲ್‌ನ ಆರಂಭದ ಕಡತದಲ್ಲಿ ಬರೆದಿಟ್ಟಿದ್ದೆ. ತೆರೆದ ಪ್ರತಿ ಟರ್ಮಿನಲ್‌ನಲ್ಲೂ ಅದು ಪರಿಸರ ಚರಾಂಶವಾಗಿ ಕುಳಿತಿರುತ್ತಿತ್ತು. ಬಿಲ್‌ನ ಒಂದು ಭಾಗ ಮನ್ನಾ ಆಯಿತು, ನನ್ನ ಕೆಲಸ ಪೂರ್ತಿ ಹೋಯಿತು. ಇನ್‌ಸ್ಟಾಲ್ ಮಾಡಿದ ಸಂಜೆಯೇ ಆ ಒಂದು ಕೀಲಿಯನ್ನು ರದ್ದು ಮಾಡಿದ್ದರೆ ಇದಾವುದೂ ಇರುತ್ತಿರಲಿಲ್ಲ. ರದ್ದು ಮಾಡುವುದು ಎರಡು ಕ್ಲಿಕ್‌ಗಳ ಕೆಲಸವಾಗಿತ್ತು.

ಇದು ನನ್ನೊಬ್ಬನ ದುರದೃಷ್ಟ ಎಂದುಕೊಳ್ಳಬೇಡಿ. 2017ರಲ್ಲಿ ಎನ್‌ಪಿಎಂನಲ್ಲಿ ಕ್ರಾಸ್-ಎನ್ವ್ ಎಂಬ ಜನಪ್ರಿಯ ಪ್ಯಾಕೇಜಿನ ಹೆಸರಿನಿಂದ ಅಡ್ಡಗೆರೆಯನ್ನು ಮಾತ್ರ ತೆಗೆದ ನಕಲಿಯೊಂದು ಸಿಕ್ಕಿತು. ಇನ್‌ಸ್ಟಾಲ್ ಆದೊಡನೆ ಪರಿಸರ ಚರಾಂಶಗಳನ್ನು ಕಳುಹಿಸುವುದೇ ಅದರ ಕೆಲಸ. ಅಸಲಿಯನ್ನೂ ಜೊತೆಗೆ ತರುತ್ತಿದ್ದುದರಿಂದ ಬಳಸಿದವರಿಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. 2018ರಲ್ಲಿ ಪೈಪಿಐನಲ್ಲಿ ಕಲರಾಮಾ ಎಂಬ ಪ್ಯಾಕೇಜಿನ ಹೆಸರಿಗೆ ಒಂದು ‘ಯು’ ಸೇರಿಸಿದ ನಕಲಿ ಸಿಕ್ಕಿತು. ಅದು ವಿಂಡೋಸ್‌ನಲ್ಲಿ ಪ್ರತ್ಯೇಕ ಸ್ಕ್ರಿಪ್ಟ್ ಒಂದನ್ನು ನೆಟ್ಟು, ಕ್ಲಿಪ್‌ಬೋರ್ಡ್‌ನಲ್ಲಿ ಬಿಟ್‌ಕಾಯಿನ್ ವಿಳಾಸ ಕಂಡರೆ ತನ್ನ ಒಡೆಯನ ವಿಳಾಸಕ್ಕೆ ಬದಲಿಸುತ್ತಿತ್ತು. ಪ್ಯಾಕೇಜ್ ತೆಗೆದರೂ ಆ ಸ್ಕ್ರಿಪ್ಟ್ ಉಳಿಯುತ್ತಿತ್ತು. 2019ರ ಡಿಸೆಂಬರ್‌ನಲ್ಲಿ ಪೈಪಿಐನಲ್ಲೇ ಸಿಕ್ಕ, ಜೆಲ್ಲಿಫಿಶ್ ಎಂಬ ಪ್ಯಾಕೇಜಿನ ನಕಲಿಯದು ಇನ್ನೂ ನಾಜೂಕು: ಎರಡು ‘ಎಲ್’ಗಳಲ್ಲಿ ಮೊದಲನೆಯದರ ಜಾಗದಲ್ಲಿ ದೊಡ್ಡ ‘ಐ’. ಹಲವು ಫಾಂಟ್‌ಗಳಲ್ಲಿ ಕಣ್ಣಿಗೆ ವ್ಯತ್ಯಾಸವೇ ಕಾಣದು. ಸುಮಾರು ಒಂದು ವರ್ಷ ಯಾರ ಗಮನಕ್ಕೂ ಬಾರದೆ ಅಲ್ಲೇ ಇತ್ತು. ಎಸ್‌ಎಸ್‌ಎಚ್ ಕೀಲಿಗಳನ್ನೂ ಗೂಢಲಿಪಿ ಮತ್ತು ಡಿಜಿಟಲ್ ಸಹಿಗೆ ಬಳಸುವ ಜಿಪಿಜಿ ಕೀಲಿಗಳನ್ನೂ ಕದಿಯುತ್ತಿತ್ತು.

‘ಎಚ್ಚರಿಕೆಯಿಂದ ಟೈಪ್ ಮಾಡಿ’ ಎಂದು ಇಲ್ಲಿ ಯಾರಾದರೂ ಉಪದೇಶಿಸಿದರೆ ನಕ್ಕು ಮುಂದೆ ಹೋಗಿ. 2016ರಲ್ಲಿ ಹ್ಯಾಂಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ತನ್ನ ಪದವಿ ಪ್ರಬಂಧಕ್ಕಾಗಿ ಇಂಥ ಹೆಸರುಗಳ ಹಾನಿಯಿಲ್ಲದ ಪ್ಯಾಕೇಜ್‌ಗಳನ್ನು ಪೈಪಿಐ, ಎನ್‌ಪಿಎಂ, ರೂಬಿ ಭಾಷೆಯ ಭಂಡಾರವಾದ ರೂಬಿಜೆಮ್ಸ್ ಮೂರರಲ್ಲೂ ಹಾಕಿ ನೋಡಿದ. 17,000ಕ್ಕೂ ಹೆಚ್ಚು ಯಂತ್ರಗಳಲ್ಲಿ ಅವನ ಕೋಡ್ ಓಡಿತು, ಅವುಗಳಲ್ಲಿ ಅಮೆರಿಕದ ಸೇನೆಯ ಡೊಮೈನ್‌ಗಳೂ ಇದ್ದವು. ಈಗ ಎಐ ಭಾಷಾ ಮಾದರಿಗಳು ಅಸ್ತಿತ್ವದಲ್ಲೇ ಇಲ್ಲದ ಪ್ಯಾಕೇಜಿನ ಹೆಸರನ್ನು ಆತ್ಮವಿಶ್ವಾಸದಿಂದ ಸೂಚಿಸುವುದೂ ಶುರುವಾಗಿದೆ. ಆ ಹೆಸರನ್ನು ಮೊದಲು ನೋಂದಾಯಿಸಿದವನಿಗೆ ಲಾಭ.

ಯಾವ ಸ್ಕ್ಯಾನರೂ ಸಾಕಾಗುವುದಿಲ್ಲ ಎಂದೆನಲ್ಲ, ಕಾರಣ ಹೇಳುತ್ತೇನೆ. ಪಿಪ್-ಆಡಿಟ್, ಎನ್‌ಪಿಎಂ ಆಡಿಟ್‌ನಂಥವು ಈಗ ಇರುವ ಪ್ಯಾಕೇಜ್‌ಗಳನ್ನು ಈಗಾಗಲೇ ಗೊತ್ತಿರುವ ದೋಷಗಳ ಪಟ್ಟಿಯೊಂದಿಗೆ ಹೋಲಿಸುತ್ತವೆ. ನೀವು ಅದನ್ನು ತೆಗೆದುಹಾಕಿದ್ದೀರಿ, ಹೋಲಿಸಲು ಏನೂ ಉಳಿದಿಲ್ಲ. ಬರುವ ಹಸಿರು ಗುರುತು ನಿಮ್ಮನ್ನು ನಾನಿದ್ದ ಸ್ಥಿತಿಗೇ ತಳ್ಳುತ್ತದೆ.

ಆ ಸಮಯವನ್ನು ಕೀಲಿಗಳಿಗೆ ಕೊಡಿ. ಬೇರೊಂದು ಯಂತ್ರದಲ್ಲಿ ಕುಳಿತು ಮಾಡಿ, ಇದರಲ್ಲಿ ಬೇಡ. ನೀವೇ ಪ್ಯಾಕೇಜ್ ಪ್ರಕಟಿಸುವವರಾದರೆ ಪ್ರಕಟಿಸಲು ಬಳಸುವ ಟೋಕನ್ (ಪಾಸ್‌ವರ್ಡ್‌ನ ಬದಲು ಕೊಡುವ ಗುಟ್ಟಿನ ಸಂಕೇತ) ಮೊದಲು ರದ್ದಾಗಲಿ. ಅದು ಕಳ್ಳರ ಕೈಯಲ್ಲಿದ್ದರೆ ಮುಂದಿನ ವಿಷದ ಪ್ಯಾಕೇಜ್ ನಿಮ್ಮ ಹೆಸರಿನಲ್ಲೇ ಹೊರಬೀಳುತ್ತದೆ. ನಂತರ ಕ್ಲೌಡ್ ಕೀಲಿ, ಎಸ್‌ಎಸ್‌ಎಚ್ ಕೀಲಿ, ಗಿಟ್ ಸೇವೆಯ ಟೋಕನ್. ಬ್ರೌಸರ್‌ನಲ್ಲಿ ತೆರೆದಿದ್ದ ಎಲ್ಲ ಲಾಗಿನ್‌ಗಳಿಂದಲೂ ಹೊರಬನ್ನಿ. ಯಂತ್ರವನ್ನು ಅಳಿಸಿ ಹೊಸದಾಗಿ ಕಟ್ಟಿ. ಅತಿಯಾಯಿತು ಎನಿಸಬಹುದು, ನನಗೆ ಹಾಗೆನಿಸುವುದಿಲ್ಲ. ಕಚೇರಿಯ ಯಂತ್ರವಾದರೆ ಭದ್ರತೆಯವರಿಗೆ ಇಂದೇ ಹೇಳಿ, ಬೈಗುಳ ಬಂದರೂ ಅದು ಬಿಲ್‌ಗಿಂತ ಸಣ್ಣದು.

ಮುಂದಕ್ಕೆ ನಾನು ಬದಲಿಸಿಕೊಂಡದ್ದು ಕಡಿಮೆ. ಶೆಲ್‌ನಲ್ಲಿ ಶಾಶ್ವತ ಕೀಲಿ ಇಡುವುದಿಲ್ಲ, ಹೊಸ ಪ್ಯಾಕೇಜ್ ಮೊದಲು ಕಂಟೇನರ್‌ನೊಳಗೆ, ಅಂದರೆ ಯಂತ್ರದ ಉಳಿದ ಭಾಗದಿಂದ ಬೇರ್ಪಡಿಸಿದ ಜಾಗಕ್ಕೆ ಹೋಗುತ್ತದೆ, ಎನ್‌ಪಿಎಂನಲ್ಲಿ ಸ್ಕ್ರಿಪ್ಟ್‌ಗಳು ಓಡದಂತೆ ಇಗ್ನೋರ್-ಸ್ಕ್ರಿಪ್ಟ್ಸ್ ಹಾಕಿಟ್ಟಿದ್ದೇನೆ. ಪಿಪ್‌ನಲ್ಲಿ ಹ್ಯಾಶ್ (ಕಡತದ ಬೆರಳಚ್ಚಿನಂಥ ಸಂಕೇತ) ಕಡ್ಡಾಯ ಮಾಡುವ ಆಯ್ಕೆಯನ್ನು ಬಳಸುತ್ತೇನೆ, ಹೆಸರನ್ನು ಯೋಜನೆಯ ಸ್ವಂತ ದಾಖಲೆಯಿಂದಲೇ ನಕಲಿಸಿಕೊಳ್ಳುತ್ತೇನೆ.

ಆ ಪ್ಯಾಕೇಜಿನ ಪುಟ ಇನ್ನೂ ಇದ್ದರೆ ದೂರು ಕೊಡಿ. ಪೈಪಿಐ, ಎನ್‌ಪಿಎಂ ಎರಡರಲ್ಲೂ ಪ್ಯಾಕೇಜಿನ ಪುಟದಲ್ಲೇ ಅದಕ್ಕೆ ಕೊಂಡಿ ಇದೆ. ನಾನು ವಾರಗಳ ನಂತರ ಹುಡುಕಿಕೊಂಡು ಹೋದಾಗ ಬೇರೆ ಯಾರೋ ಆ ಕೆಲಸ ಮಾಡಿ ಮುಗಿಸಿದ್ದರು.