ಚಂಡಮಾರುತದ ನಂತರ ಪುಲಿಕಾಟ್‌ನಲ್ಲಿ ರಾಜಹಂಸ ಕಾಣದಿದ್ದರೆ

ಚಂಡಮಾರುತದ ಮಳೆಯ ನಂತರ ಆಂಧ್ರ–ತಮಿಳುನಾಡು ಗಡಿಯ ಪುಲಿಕಾಟ್ ಸರೋವರಕ್ಕೆ ನೀವು ಹೋದಾಗ ಒಂದೂ ರಾಜಹಂಸ (ಫ್ಲೆಮಿಂಗೊ) ಸಿಗದಿದ್ದಕ್ಕೆ ಬಹುಶಃ ಏರಿದ ನೀರೇ ಕಾರಣ. ತಲೆ ಬಗ್ಗಿಸಿ, ಕೊಕ್ಕನ್ನು ಮೇಲುಕೆಳಗಾಗಿ ಕೆಸರುನೀರಿಗೆ ಅದ್ದಿ ಸೋಸಿ ತಿನ್ನುವ ಹಕ್ಕಿ ಅದು. ಕಾಲೂರಿ ನಿಲ್ಲುವಷ್ಟು ಕಡಿಮೆ ಆಳದ ನೀರು ಇಲ್ಲದಿದ್ದರೆ ಬೇರೆಡೆ ಸರಿಯುತ್ತದೆ.

ಈ ವಾರಾಂತ್ಯವೇ ಹೊರಡುವುದಾದರೆ ಮೊದಲು ಆಂಧ್ರದ ಸೂಳ್ಳೂರುಪೇಟೆಯ ಉತ್ತರಕ್ಕಿರುವ ನೇಲಪಟ್ಟು ಪಕ್ಷಿಧಾಮಕ್ಕೆ ಹೋಗಿ. ಕೆರೆ ತುಂಬಿದಷ್ಟೂ ಅಲ್ಲಿನ ಹೆಜ್ಜಾರ್ಲೆಗಳಿಗೆ (ಪೆಲಿಕನ್) ಒಳ್ಳೆಯದು, ನೀರಲ್ಲೇ ನಿಂತ ಮರಗಳ ಮೇಲೆ ಗೂಡು ಕಟ್ಟುತ್ತವೆ. ಮರುದಿನ ಬೆಳಿಗ್ಗೆ ಪುಲಿಕಾಟ್ ಸರೋವರವನ್ನು ದಾಟುವ ಶ್ರೀಹರಿಕೋಟಾ ರಸ್ತೆಯಲ್ಲಿ ನಿಧಾನ ಸಾಗಿ, ಉತ್ತರದ ಬದಿ ನೋಡಿ; ಚಳಿಗಾಲದ ಬಿಸಿಲು ಬೆನ್ನಿಗಿರುತ್ತದೆ. ಕಾರಿನಿಂದ ಇಳಿಯಬೇಡಿ, ಆಗ ಹಕ್ಕಿಗಳು ಹತ್ತಿರವೇ ಉಳಿಯುತ್ತವೆ. ಕೆಸರಿಗಂತೂ ಕಾಲಿಡಲೇಬೇಡಿ, ಮಳೆಯ ನಂತರ ಹೂತುಹೋಗುತ್ತದೆ.

ನೀರಿಳಿಯಲು ಎಷ್ಟು ದಿನ ಎಂದು ಖಚಿತವಾಗಿ ಹೇಳಲಾಗದು. ದಂಡೆಯಲ್ಲಿ ಒದ್ದೆ ಕೆಸರಿನ ಪಟ್ಟಿ ಕಾಣತೊಡಗಿತೇ ಎಂದು ಸ್ಥಳೀಯ ಮೀನುಗಾರರನ್ನು ಕೇಳಿ, ಆಮೇಲೆ ರಾಜಹಂಸಕ್ಕಾಗಿ ಮತ್ತೆ ಹೋಗಿ.